ಕನ್ನಡಿಯೊಳಗಿನ ಗೆಳತಿ

ಪ್ರಶ್ನೆ: ನಮ್ಮ ಮನೆಯಲ್ಲಿ ಒಂದೂವರೆ ವರ್ಷದ ಗಂಡು ಕಾಕಟೀಲ್ (ಜುಟ್ಟಿರುವ ಸಣ್ಣ ಗಿಳಿ) ಇದೆ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಅದಕ್ಕೆ ಬೇಜಾರಾಗದಿರಲಿ ಅಂತ ಪಂಜರದೊಳಗೆ ಸಣ್ಣ ಕನ್ನಡಿ ಕಟ್ಟಿದೆವು. ಈಗ ದಿನವಿಡೀ ಅದರ ಮುಂದೆಯೇ ಕೂತಿರುತ್ತದೆ, ತಿಂದ ಕಾಳನ್ನು ಕನ್ನಡಿಯ ಮೇಲೆ ಕಕ್ಕುತ್ತದೆ, ಕೈ ಹಾಕಿದರೆ ಕಚ್ಚುತ್ತದೆ. ಏನಾದರೂ ಕಾಯಿಲೆಯೇ? ಕನ್ನಡಿ ತೆಗೆಯಬೇಕೇ?

ಉತ್ತರ: ತೆಗೆದುಬಿಡಿ. ಕಾಯಿಲೆ ಇದ್ದಂತಿಲ್ಲ, ನಿಮ್ಮ ಹುಡುಗನಿಗೆ ಕನ್ನಡಿ ಜೊತೆ ಮದುವೆಯಾಗಿದೆ ಅಷ್ಟೆ! ಆಸ್ಟ್ರೇಲಿಯಾದ ಬಯಲುಗಳಲ್ಲಿ ಗುಂಪು ಕಟ್ಟಿಕೊಂಡು ಬದುಕುವ ಹಕ್ಕಿ ಇದು. ಕನ್ನಡಿಯಲ್ಲಿ ಕಂಡದ್ದನ್ನು ಇನ್ನೊಂದು ಹಕ್ಕಿ ಅಂತಲೇ ನಂಬುತ್ತದೆ. ರೆಕ್ಕೆಯನ್ನು ಮೈಯಿಂದ ತುಸು ಎತ್ತಿ, ಸಿಳ್ಳೆ ಹೊಡೆದು, ಗಾಜಿಗೆ ಕೊಕ್ಕಿನಿಂದ ಟಕಟಕ ಕುಟ್ಟಿ, ಕೊನೆಗೆ ಕುತ್ತಿಗೆ ಆಡಿಸುತ್ತಾ ಕಾಳು ಕಕ್ಕುವುದು ಜೋಡಿಗೆ ಉಣಿಸುವ ರೀತಿ. ಆ ಗೆಳತಿಯೋ ಕನ್ನಡಿಯೊಳಗಿನ ಗಂಟು. ಉಣ್ಣುವುದೂ ಇಲ್ಲ, ಬೇಡ ಅಂತ ಹಾರಿ ಹೋಗುವುದೂ ಇಲ್ಲ. ಹಾಗಾಗಿ ಇವನ ಪಾಡು ಮುಗಿಯುವುದೇ ಇಲ್ಲ, ಮಧ್ಯೆ ನೀವು ಕೈ ಹಾಕಿದರೆ ಕಸಿಯಲು ಬಂದ ಕಳ್ಳರು. ಹೆಣ್ಣು ಹಕ್ಕಿಯಾದರೆ ಇನ್ನೂ ಕಷ್ಟ, ಕನ್ನಡಿ ನೋಡಿಕೊಂಡೇ ಮೊಟ್ಟೆಯ ಮೇಲೆ ಮೊಟ್ಟೆ ಇಟ್ಟು ಮೈಯ ಸುಣ್ಣದಂಶ ಕಳೆದುಕೊಳ್ಳಬಹುದು.

ಒಂದು ಮಾತ್ರ ಗಮನಿಸಿ. ತಲೆ ಒದರಿ ಕಾಳು ಎರಚಾಡಿ, ಮುಖದ ಗರಿಗೆಲ್ಲ ಅಂಟಂಟು ಮೆತ್ತಿಕೊಂಡು ಮುದುಡಿ ಕೂತಿದ್ದರೆ ಅದು ವಾಂತಿ. ಅವತ್ತೇ ಪಶುವೈದ್ಯರಿಗೆ ತೋರಿಸಿ.

ಹಕ್ಕಿ ಪಂಜರದ ಹೊರಗಿರುವಾಗ ಕನ್ನಡಿ ಬಿಚ್ಚಿ. ಕೆಲವು ದಿನ ಹುಡುಕುತ್ತದೆ, ಕೂಗುತ್ತದೆ, ಕರಗಬೇಡಿ. ಆ ಜಾಗಕ್ಕೆ ನವಣೆ ತೆನೆ ನೇತುಹಾಕಿ. ಬಿಳಿ ಕಾಗದದಲ್ಲಿ ನಾಲ್ಕು ಕಾಳು ಪೊಟ್ಟಣ ಕಟ್ಟಿಡಿ, ಅದನ್ನು ಹರಿಯುವುದರಲ್ಲೇ ಹೊತ್ತು ಹೋಗುತ್ತದೆ. ರಾತ್ರಿ ಒಟ್ಟು 10-12 ತಾಸು ಕತ್ತಲೆಯಲ್ಲಿ ನಿದ್ದೆ ಮಾಡಲಿ. ಸಂಜೆ ಬಂದಮೇಲೆ ಅರ್ಧ ಗಂಟೆ ಹೆಗಲ ಮೇಲೆ ಕೂರಿಸಿಕೊಳ್ಳಿ, ಅದಕ್ಕೆ ಬೇಕಿರುವುದು ಅದೇ ಅಲ್ವಾ? ಇನ್ನೊಂದು ಹಕ್ಕಿ ತರುವ ಯೋಚನೆ ಇದ್ದರೆ ತಂದದ್ದನ್ನು ಒಂದು ತಿಂಗಳು ಬೇರೆ ಕೋಣೆಯಲ್ಲಿಟ್ಟು ನೋಡಿ, ಆಮೇಲೆ ಪರಿಚಯ ಮಾಡಿಸಿ.

ಹಾಂ, ನೀರಿನ ಬಟ್ಟಲು ಸ್ಟೀಲಿನದಾ? ನಮ್ಮವನು ಕನ್ನಡಿ ಹೋದ ಮಾರನೇ ದಿನವೇ ಸ್ಟೀಲ್ ಲೋಟದ ಮುಂದೆ ಜುಟ್ಟು ನಿಮಿರಿಸಿಕೊಂಡು ಹಾಡು ಶುರು ಮಾಡಿದ್ದ. ಪಿಂಗಾಣಿ ಬಟ್ಟಲು ತಂದಮೇಲೇ ನಿಂತಿದ್ದು.