ಅಡಿಕೆ ಇಳುವರಿಯ ಮಾದರಿಯಲ್ಲಿ ಮಳೆಯ ಗುಣಾಂಕ ಸೊನ್ನೆಯ ಹತ್ತಿರ ಬಂದಿರುವ ಬಗ್ಗೆ

ಮಳೆಯ ಗುಣಾಂಕ (ಮಳೆ ಹೆಚ್ಚಿದಂತೆ ಇಳುವರಿ ಎಷ್ಟು ಬದಲಾಗುತ್ತದೆ ಎಂದು ಹೇಳುವ ಅಂಕಿ) ಸೊನ್ನೆಯ ಹತ್ತಿರ ಏಕೆ ಬಂತು, ರೋ 0.7ರ ಅರ್ಥವೇನು ಎಂದು ನೀವು ಕೇಳಿದ್ದೀರಿ.

ರ‍್ಯಾಂಡಮ್ ಎಫೆಕ್ಟ್ಸ್ (ತೋಟ ತೋಟಗಳ ನಡುವಿನ ಸ್ಥಿರ ವ್ಯತ್ಯಾಸವನ್ನು ಯಾದೃಚ್ಛಿಕ ಎಂದು ಪರಿಗಣಿಸುವ ಮಾದರಿ) ಗುಣಾಂಕವು ಎರಡು ಸಂಬಂಧಗಳ ತೂಕದ ಸರಾಸರಿ ಎಂಬುದೇ ನಿಮ್ಮ ಗೊಂದಲಕ್ಕೆ ಬಹುಶಃ ಕಾರಣ: ಒಂದೇ ತೋಟದಲ್ಲಿ ಮಳೆ ಹೆಚ್ಚಿದ ವರ್ಷ ಇಳುವರಿ ಏನಾಗುತ್ತದೆ ಎಂಬುದು ಒಂದು, ಹೆಚ್ಚು ಮಳೆಯ ತೋಟಕ್ಕೂ ಕಡಿಮೆ ಮಳೆಯ ತೋಟಕ್ಕೂ ಇರುವ ವ್ಯತ್ಯಾಸ ಇನ್ನೊಂದು. ಹೊಸನಗರ, ತೀರ್ಥಹಳ್ಳಿ ಮತ್ತು ಶಿಕಾರಿಪುರದ 60 ತೋಟಗಳ 8 ವರ್ಷದ ಅಂಕಿಅಂಶವನ್ನು ನೀವು ಒಟ್ಟಿಗೆ ಇಟ್ಟಿರುವುದರಿಂದ, ಮೊದಲನೆಯದು ಕೊಳೆರೋಗದಿಂದಾಗಿ ಋಣಾತ್ಮಕವಾಗಿಯೂ ಎರಡನೆಯದು ಧನಾತ್ಮಕವಾಗಿಯೂ ಇದ್ದರೆ, ಒಂದು ಇನ್ನೊಂದನ್ನು ಅಳಿಸಿಹಾಕುತ್ತದೆ.

ಮೊದಲು ಪ್ರತಿ ತೋಟದ 8 ವರ್ಷಗಳ ಸರಾಸರಿ ಮಳೆಯನ್ನು ಪ್ರತ್ಯೇಕ ಚಲಕವಾಗಿ ಸೇರಿಸಿ ಅದೇ ಮಾದರಿಯನ್ನು ಮತ್ತೆ ಓಡಿಸಿ. ಇದು 1978ರಲ್ಲಿ ಅರ್ಥಶಾಸ್ತ್ರಜ್ಞ ಮುಂಡ್ಲಾಕ್ ಸೂಚಿಸಿದ ದಾರಿ. ಆಗ ವಾರ್ಷಿಕ ಮಳೆಯ ಗುಣಾಂಕವು ತೋಟದೊಳಗಿನ ಪರಿಣಾಮವನ್ನು ಮಾತ್ರ ಹೇಳುತ್ತದೆ, ಸರಾಸರಿಯ ಗುಣಾಂಕವು ಎರಡು ಸಂಬಂಧಗಳ ನಡುವಿನ ಅಂತರವನ್ನು ತೋರಿಸುತ್ತದೆ. ಆ ಅಂತರ ಸೊನ್ನೆಯಲ್ಲ ಎಂದು ಕಂಡುಬಂದರೆ ಹಳೆಯ ಗುಣಾಂಕವನ್ನು ವರದಿ ಮಾಡಬೇಡಿ. ರ‍್ಯಾಂಡಮ್ ಎಫೆಕ್ಟ್ಸ್ ಮಾದರಿ ಸರಿಯೇ ಎಂದು ಒಟ್ಟಾರೆಯಾಗಿ ನೋಡುವ ಹೌಸ್‌ಮನ್ ಪರೀಕ್ಷೆಗಿಂತ ಇದನ್ನೇ ನಾನು ಇಷ್ಟಪಡುತ್ತೇನೆ, ಏಕೆಂದರೆ ತಪ್ಪು ಯಾವ ಚಲಕದಲ್ಲಿದೆ ಎಂಬುದೂ ಇಲ್ಲಿ ಕಾಣುತ್ತದೆ.

ರೋ 0.7 ಎಂದರೆ ಮಳೆ ಶೇಕಡಾ 70ರಷ್ಟು ವಿವರಿಸಿದೆ ಎಂದಲ್ಲ. ಮಾದರಿ ವಿವರಿಸದೆ ಉಳಿಸಿದ ಏರಿಳಿತದಲ್ಲಿ ಅಷ್ಟು ಪಾಲು ಮಣ್ಣು, ಮರ ನೆಟ್ಟ ಕಾಲ, ಆರೈಕೆಯಂಥ ತೋಟದ ಸ್ಥಿರ ಗುಣಗಳದ್ದು.

ಅಕ್ಕಪಕ್ಕದ ತೋಟಗಳಿಗೆ ಒಂದೇ ಮಳೆಮಾಪಕದ ಅಂಕಿ ಬಳಸಿದ್ದರೆ, ಪ್ರಮಾಣಿತ ದೋಷವನ್ನು (ಗುಣಾಂಕದ ಅಂದಾಜು ಎಷ್ಟು ಅನಿಶ್ಚಿತ ಎಂಬ ಅಳತೆ) ತೋಟವಾರು ಅಲ್ಲ, ಮಾಪಕವಾರು ಗುಂಪು ಮಾಡಿ ಲೆಕ್ಕಹಾಕಿ. ಮಾಪಕಗಳು ಐದಾರೇ ಆಗಿದ್ದರೆ ಆ ದೋಷವನ್ನೂ ಪೂರ್ತಿ ನಂಬಲಾಗದು. ಆಗ ವೈಲ್ಡ್ ಬೂಟ್‌ಸ್ಟ್ರಾಪ್ (ಉಳಿಕೆ ದೋಷಗಳ ಚಿಹ್ನೆಯನ್ನು ಗುಂಪುವಾರು ಯಾದೃಚ್ಛಿಕವಾಗಿ ಬದಲಿಸಿ ಮತ್ತೆ ಮತ್ತೆ ಲೆಕ್ಕಹಾಕುವ ವಿಧಾನ) ಪ್ರಯತ್ನಿಸಿ.