ದೈತ್ಯ ಕುಂಬಳ: ಸ್ವಂತ ಪರಾಗವೋ, ಹೊರಗಿನ ಪರಾಗವೋ?

ಪ್ರಶ್ನೆ: ಅಟ್ಲಾಂಟಿಕ್ ಜೈಂಟ್ ತಳಿಯ ನನ್ನ ಬಳ್ಳಿಯಲ್ಲಿ 210 ಕೆ.ಜಿ.ಯ ಕಾಯಿ ಬಂದಿತ್ತು. ಅದೇ ಬಳ್ಳಿಯ ಗಂಡು ಹೂವಿನಿಂದಲೇ ಪರಾಗಸ್ಪರ್ಶ ಮಾಡಿದ್ದೆ. ಅದರ ಬೀಜದಿಂದ ಎರಡು ಬಳ್ಳಿ ಬೆಳೆಸಿದೆ. ಒಂದರ ಕಾಯಿ 130 ಕೆ.ಜಿ.ಗೆ ನಿಂತಿತು, ಇನ್ನೊಂದು ತೊಟ್ಟಿನ ಬುಡದಲ್ಲಿ ಸೀಳಿತು. ಸ್ವಪರಾಗಸ್ಪರ್ಶದಿಂದ ತಳಿ ಕೆಟ್ಟಿತೇ? ಇನ್ನು ಮುಂದೆ ಬೇರೆ ಸಾಲಿನ (ಬೇರೆ ವಂಶದ ಬೀಜದ) ಜೊತೆ ಸಂಕರ ಮಾಡಲೇ?

ಉತ್ತರ: ಎರಡೇ ಬಳ್ಳಿ ನೋಡಿ ತಳಿ ಕೆಟ್ಟಿತು ಎನ್ನಬೇಡಿ. 210 ಕೆ.ಜಿ.ಯಲ್ಲಿ ಮಣ್ಣು, ನೀರು, ಹವೆ, ಅದೃಷ್ಟ ಎಲ್ಲದರ ಪಾಲೂ ಇದೆ. ಬೀಜದ ಜೊತೆ ಬರುವುದು ಜೀನ್‌ಗಳ ಪಾಲು ಮಾತ್ರ. ಹಾಗಾಗಿ ಅಸಾಧಾರಣ ಕಾಯಿಯ ಸಂತತಿ ಸರಾಸರಿಯ ಕಡೆಗೆ ಇಳಿಯುವುದು ಸಹಜ. ಒಂದು ಭಾರೀ ಕಾಯಿಯ ಬೀಜಕ್ಕಿಂತ, ಹಲವು ಒಡಹುಟ್ಟಿದ ಬಳ್ಳಿಗಳು ಬೇರೆ ಬೇರೆ ತೋಟಗಳಲ್ಲಿ ಚೆನ್ನಾಗಿ ಬಂದಿರುವ ಸಾಲಿನ ಬೀಜವೇ ಹೆಚ್ಚು ನಂಬಿಕಸ್ತ.

ತೊಟ್ಟಿನ ಸೀಳು ಬೇರೆ ಮಾತು. ಕಾಯಿ ದಿನಕ್ಕೆ ಹತ್ತಿಪ್ಪತ್ತು ಕೆ.ಜಿ. ಊದುವ ಹೊತ್ತಿನಲ್ಲಿ ತೊಟ್ಟು ಬಳ್ಳಿಗೆ ಇಕ್ಕಟ್ಟಾಗಿ ಸಿಕ್ಕಿಕೊಂಡಿದ್ದರೂ ಹೀಗಾಗುತ್ತದೆ. ಆದರೆ ಅದೇ ಸಾಲಿನಲ್ಲಿ ಸೀಳು ಮತ್ತೆ ಮತ್ತೆ ಕಂಡರೆ ಅದು ವಂಶದಲ್ಲೇ ಇದೆಯೆಂದು ಅನುಮಾನಿಸಿ. ಸ್ವಪರಾಗಸ್ಪರ್ಶದ ನಿಜವಾದ ಉಪಯೋಗ ಇರುವುದು ಇಲ್ಲೇ. ಎರಡು ಬಗೆಯ ಜೀನ್ ಜೋಡಿಯಾಗಿರುವ ಜಾಗಗಳು ಒಂದೊಂದು ತಲೆಮಾರಿಗೂ ಅರ್ಧಕ್ಕೆ ಇಳಿಯುತ್ತವೆ: 50, 25, 12.5 ಶೇಕಡಾ. ಅಲ್ಲಿಯವರೆಗೆ ಅಡಗಿದ್ದ ದೋಷಗಳು ಹೊರಬೀಳುತ್ತವೆ, ನೀವು ಅವನ್ನು ಕಿತ್ತು ಎಸೆಯಬಹುದು. ಒಡಹುಟ್ಟಿದವುಗಳ ನಡುವೆ ಮಾಡಿದ ಸಂಕರ ಇದೇ ಕೆಲಸವನ್ನು ನಿಧಾನವಾಗಿ ಮಾಡುತ್ತದೆ. ಅದರ ಮೂರು ತಲೆಮಾರು ಒಂದು ಸ್ವಪರಾಗಸ್ಪರ್ಶಕ್ಕೆ ಸಮ.

ಮೆಕ್ಕೆಜೋಳ ಒಳಸಂಕರದಿಂದ, ಅಂದರೆ ಹತ್ತಿರದ ಸಂಬಂಧವಿರುವ ಗಿಡಗಳ ಕೂಡಿಕೆಯಿಂದ, ಬೇಗ ಸೊರಗುತ್ತದೆ, ಕುಂಬಳ ಅಷ್ಟಾಗಿ ಸೊರಗುವುದಿಲ್ಲ. ಹಾಗೆಂದು ತೂಕ ತಾನಾಗಿ ಏರುವುದೂ ಇಲ್ಲ. ಸ್ವಪರಾಗಸ್ಪರ್ಶ ಸಾಲನ್ನು ಶುದ್ಧಗೊಳಿಸುತ್ತದೆ, ತೂಕದ ಜಿಗಿತ ಬರುವುದು ಎರಡು ಒಳ್ಳೆಯ ಸಾಲುಗಳು ಸೇರಿದಾಗ. ಆದ್ದರಿಂದ ನನ್ನ ಸಲಹೆ: ಎರಡು ಸಾಲುಗಳನ್ನು ಬೇರೆ ಬೇರೆಯಾಗಿ ಎರಡು ಮೂರು ತಲೆಮಾರು ಸ್ವಪರಾಗಸ್ಪರ್ಶ ಮಾಡಿ, ಆಮೇಲೆ ಪರಸ್ಪರ ಸಂಕರ ಮಾಡಿ. ಪ್ರತಿ ತಲೆಮಾರಿನಲ್ಲೂ ಕನಿಷ್ಠ ನಾಲ್ಕಾರು ಬಳ್ಳಿ ಬೇಕು. ಎರಡೇ ಬಳ್ಳಿಗೆ ಜಾಗವಿದ್ದರೆ ಸಾಲು ಶುದ್ಧಗೊಳಿಸುವ ಕೆಲಸಕ್ಕೆ ಕೈ ಹಾಕಬೇಡಿ. ನೇರವಾಗಿ ಸಂಕರವನ್ನೇ ಮಾಡಿ.

ಸಂಕರಕ್ಕೆ ಜೋಡಿ ಆರಿಸುವಾಗ ಎರಡೂ ಕಡೆ ಒಂದೇ ದೋಷ ಇರಕೂಡದು. ಬೇಗ ಹಿಗ್ಗಿದರೂ ಕಾಯಿಯ ಗೋಡೆ ತೆಳ್ಳಗಿರುವ ಸಾಲಿಗೆ, ಅಳತೆಪಟ್ಟಿ (ಕಾಯಿಯ ಸುತ್ತಳತೆಯಿಂದ ತೂಕ ಅಂದಾಜಿಸುವ ಕೋಷ್ಟಕ) ಹೇಳುವುದಕ್ಕಿಂತ ಹೆಚ್ಚು ತೂಗುವ ದಪ್ಪ ಗೋಡೆಯ ಸಾಲನ್ನು ಕೂಡಿಸಿ. ವಂಶಾವಳಿಯನ್ನೂ ನೋಡಿ. ಈಗ ಸ್ಪರ್ಧೆಗೆ ಬೆಳೆಯುವ ಬೀಜಗಳೆಲ್ಲ ಬಹುಪಾಲು ಕೆನಡಾದ ನೋವಾ ಸ್ಕೋಷಿಯಾದ ಹೊವರ್ಡ್ ಡಿಲ್ ಬೆಳೆಸಿದ ತಳಿಯಿಂದಲೇ ಇಳಿದವು. ಅವರ 1981ರ ಕಾಯಿ 493.5 ಪೌಂಡ್ (ಸುಮಾರು 224 ಕೆ.ಜಿ.) ತೂಗಿತ್ತು. 2023ರಲ್ಲಿ ಅಮೆರಿಕದಲ್ಲಿ ತೂಕಕ್ಕಿಟ್ಟ ಕಾಯಿ ಸುಮಾರು 1,247 ಕೆ.ಜಿ. ತೂಗುವಷ್ಟರ ಮಟ್ಟಿಗೆ ಬೀಜ ಬದಲಾಗಿದೆ. ಆದರೂ ಹೆಸರು ಬೇರೆಯಾದ ಮಾತ್ರಕ್ಕೆ ರಕ್ತ ಬೇರೆಯಲ್ಲ. ಎರಡು ಬೀಜಗಳಿಗೆ ತಾಯಿ ಒಂದೇ, ತಂದೆ ಬೇರೆ ಎಂದಿದ್ದರೆ ಅವುಗಳ ಸಂಕರದಲ್ಲಿ ಒಳಸಂಕರದ ಪ್ರಮಾಣ ಶೇ. 12.5 ಇರುತ್ತದೆ.

ಸಂಕರದ ಮೊದಲ ತಲೆಮಾರು ಏಕರೂಪವಾಗಿ ಬರುವುದು ತಂದೆತಾಯಿ ಶುದ್ಧವಾಗಿದ್ದರೆ ಮಾತ್ರ. ಆ ಬಳ್ಳಿಯ ಕಾಯಿಂದ ತೆಗೆದ ಬೀಜಗಳು ಮತ್ತೆ ಒಂದೊಂದೂ ಒಂದೊಂದು ಬಗೆ. ಎಷ್ಟೋ ಜನ ಎಡವುವುದು ಇಲ್ಲೇ: ಗೆದ್ದ ಕಾಯಿಯ ಬೀಜ ಮುಂದಿನ ಸಲವೂ ಗೆಲ್ಲುತ್ತದೆ ಎಂದು ಕೂರುತ್ತಾರೆ. ಮೂಲ ಎರಡು ಸಾಲುಗಳ ಬೀಜವನ್ನು ಜೋಪಾನವಾಗಿಟ್ಟು, ಅದೇ ಸಂಕರವನ್ನು ಮತ್ತೆ ಮಾಡಬೇಕು.

ಇನ್ನು ಕೈಕೆಲಸ. ಮಾರನೆಯ ಬೆಳಿಗ್ಗೆ ಅರಳುವ ಮೊಗ್ಗು ಹಿಂದಿನ ಸಂಜೆಯೇ ಗುರುತು ಕೊಡುತ್ತದೆ. ಹಸಿರು ಮೊಗ್ಗಿನ ತುದಿ ಹಳದಿಗೆ ತಿರುಗಿ, ದಳಗಳು ಸಡಿಲಾಗಿ ಉಬ್ಬಿರುತ್ತವೆ. ಆ ಸಂಜೆ ಹೆಣ್ಣು ಮೊಗ್ಗಿನ ತುದಿಯನ್ನು ಮೆತ್ತನೆಯ ದಾರದಿಂದ ಕಟ್ಟಿ; ಎರಡು ಮೂರು ಗಂಡು ಮೊಗ್ಗುಗಳನ್ನೂ ಹಾಗೆಯೇ ಕಟ್ಟಿ. ಬೆಳಿಗ್ಗೆ ಬಿಸಿಲೇರುವ ಮುನ್ನ ಗಂಡು ಹೂ ಕಿತ್ತು, ದಳ ಸುಲಿದು, ಪರಾಗವನ್ನು ಹೆಣ್ಣು ಹೂವಿನ ಶಲಾಕಾಗ್ರದ (ನಡುವೆ ಇರುವ, ಪರಾಗ ಹಿಡಿಯುವ ಅಂಟು ಭಾಗದ) ಪ್ರತಿ ಹಾಲೆಗೂ ಮೆಲ್ಲಗೆ ಸವರಿ. ಒಂದು ಹಾಲೆ ತಪ್ಪಿದರೂ ಆ ಬದಿ ಬೀಜ ಕಡಿಮೆಯಾಗಿ ಕಾಯಿ ಓರೆಯಾಗಬಹುದು. ತಕ್ಷಣ ದಳಗಳನ್ನು ಮತ್ತೆ ಕಟ್ಟಿ. ನೀವು ಬರುವ ಮೊದಲೇ ಹೂ ಬಿಚ್ಚಿಕೊಂಡಿದ್ದರೆ ಜೇನು ಹೊಕ್ಕಿರುತ್ತದೆ, ಆ ಬೀಜಕ್ಕೆ ತಂದೆ ಯಾರೆಂದು ಬರೆಯುವಂತಿಲ್ಲ. ಚೀಟಿಯಲ್ಲಿ ತಾಯಿಯ ಹೆಸರು ಮೊದಲು, ತಂದೆಯದು ಆಮೇಲೆ, ಕೊನೆಗೆ ದಿನಾಂಕ.

ಪ್ರಶ್ನೆ: ಪಕ್ಕದ ತೋಟದ ಸಣ್ಣ ಕುಂಬಳದ ಪರಾಗ ತಗುಲಿದರೆ ಈ ಸಲದ ಕಾಯಿ ಚಿಕ್ಕದಾಗುವುದೇ?

ಉತ್ತರ: ಇಲ್ಲ. ಸಿಪ್ಪೆ, ತಿರುಳು ಪೂರ್ತಿ ತಾಯಿ ಬಳ್ಳಿಯದು. ಪರಾಗದ ಗುಣ ಸೇರುವುದು ಒಳಗಿನ ಬೀಜಕ್ಕೆ. ಸ್ಪರ್ಧೆಗೆ ಮಾತ್ರ ಬೆಳೆಯುವವರು ಇದಕ್ಕಾಗಿ ತಲೆಕೆಡಿಸಿಕೊಳ್ಳಬೇಕಿಲ್ಲ. ಬೀಜ ಬೇಕಾದವರು ಹೂ ಕಟ್ಟಲೇಬೇಕು.

ಪ್ರಶ್ನೆ: ನನ್ನದು ಭಾರವಾದರೂ ಪೇಲವ ಬಣ್ಣದ ಸಾಲು. ಕಡುಕಿತ್ತಳೆ ಬಣ್ಣದ ಸಣ್ಣ ಸಾಲೊಂದು ಸಿಕ್ಕಿದೆ. ಬಣ್ಣ ತರಬಹುದೇ?

ಉತ್ತರ: ತರಬಹುದು, ತಾಳ್ಮೆ ಬೇಕು. ಮೊದಲ ಸಂಕರದಲ್ಲಿ ಭಾರದ ಸಾಲಿನ ಪಾಲು ಅರ್ಧಕ್ಕೆ ಇಳಿಯುವುದರಿಂದ ತೂಕ ಸಾಮಾನ್ಯವಾಗಿ ಕುಸಿಯುತ್ತದೆ. ಬಣ್ಣ ಚೆನ್ನಾಗಿರುವ ಬಳ್ಳಿಯನ್ನು ಆರಿಸಿ ಭಾರದ ಸಾಲಿಗೇ ಮರುಸಂಕರ ಮಾಡಿ: ಪಾಲು 75, ಇನ್ನೊಮ್ಮೆ ಮಾಡಿದರೆ 87.5 ಶೇಕಡಾ ಆಗುತ್ತದೆ. ನಡುವೆ ಬಣ್ಣ ಮಾಯವಾದರೆ ಗಾಬರಿ ಬೇಡ. ಆ ಬಳ್ಳಿಗಳನ್ನು ಒಮ್ಮೆ ಸ್ವಪರಾಗಸ್ಪರ್ಶ ಮಾಡಿ ಎಂಟು ಹತ್ತು ಬೀಜ ಹಾಕಿ, ಅಡಗಿದ್ದ ಬಣ್ಣ ಕೆಲವದರಲ್ಲಿ ಮರಳುತ್ತದೆ. ಮುಂದಿನ ಮರುಸಂಕರಕ್ಕೆ ಅವನ್ನೇ ಬಳಸಿ.