ಎಲ್ಲಿ ಸಿಕ್ಕಿಬಿದ್ದಿರಿ ಅಂತ ಕೇಳಿ

ಓದುಗರ ಪತ್ರ: ಸಂಪಾದಕರೇ, ಒಬ್ಬಳೇ ಕೂತು ಒಂದು ಚಿಕ್ಕ ಪಾಯಿಂಟ್-ಅಂಡ್-ಕ್ಲಿಕ್ ಅಡ್ವೆಂಚರ್ ಗೇಮ್ (ತೆರೆಯ ಮೇಲಿನ ವಸ್ತುಗಳ ಮೇಲೆ ಕ್ಲಿಕ್ ಮಾಡುತ್ತಾ ಪಜಲ್ ಬಿಡಿಸಿ ಕಥೆ ಮುಂದುವರಿಸುವ ಆಟ) ಮಾಡಿದ್ದೇನೆ. ಹಳೆಯ ಲೈಟ್‌ಹೌಸ್‌ನಲ್ಲಿ ನಡೆಯುವ ಕಥೆ. ಗೆಳೆಯರೆಲ್ಲ ಆಡಿ ‘ಸೂಪರ್’ ಅಂದರು. ಪರಿಚಯವಿಲ್ಲದ ಒಬ್ಬರು ಮಾತ್ರ ‘ದೀಪದ ಪಜಲ್‌ಗೆ ತಲೆಬುಡವೇ ಇಲ್ಲ, ಅಲ್ಲಿಗೇ ಬಿಟ್ಟೆ’ ಅಂತ ಬರೆದರು. ಯಾರ ಮಾತು ನಂಬಲಿ? ಈಗ ಬೇರೆಯವರೂ ತಮ್ಮ ಆಟ ಕಳಿಸಿ ಅಭಿಪ್ರಾಯ ಕೇಳುತ್ತಿದ್ದಾರೆ. ಮನಸ್ಸು ನೋಯಿಸದೆ ಹೇಗೆ ಹೇಳಲಿ?

ಸಂಪಾದಕರ ಉತ್ತರ:

ಪತ್ರದ ಜೊತೆ ನೀವು ಕಳಿಸಿದ ಆಟವನ್ನೂ ಆಡಿದೆ. ನೇರವಾಗಿ ಹೇಳಿಬಿಡುತ್ತೇನೆ. ಆ ಅಪರಿಚಿತರ ಒಂದು ಸಾಲು ಗೆಳೆಯರ ಅಷ್ಟೂ ‘ಸೂಪರ್’ಗಳಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಅವರ ತೀರ್ಪು ಸರಿ ಅಂತಲ್ಲ. ಯಾವ ಜಾಗದಲ್ಲಿ ಆಟ ಬಿಟ್ಟರು ಅನ್ನೋದನ್ನು ಅವರು ಹೇಳಿದ್ದಾರೆ. ಗೆಳೆಯರು ಎಲ್ಲಿ ತಡವರಿಸಿದರು ಅಂತ ನಿಮಗೆ ಇವತ್ತಿಗೂ ಗೊತ್ತಿಲ್ಲ, ಅಲ್ವಾ?

ದೀಪದ ಪಜಲ್‌ನಲ್ಲಿ ನಾನೂ ಸಿಕ್ಕಿಬಿದ್ದೆ. ಮಸಿ ಹಿಡಿದ ಗಾಜನ್ನು ಒರೆಸಬೇಕು. ಇನ್ವೆಂಟರಿಯಲ್ಲಿ, ಅಂದರೆ ಆಟಗಾರರು ಕೂಡಿಸಿಕೊಂಡ ವಸ್ತುಗಳ ಚೀಲದಲ್ಲಿ, ಬಟ್ಟೆ ಇದೆ, ಕಪಾಟಿನಲ್ಲಿ ಸ್ಪಿರಿಟ್ ಡಬ್ಬಿ ಇದೆ. ಬಟ್ಟೆ ತೆಗೆದುಕೊಂಡು ಡಬ್ಬಿಯ ಮೇಲೆ ಕ್ಲಿಕ್ ಮಾಡಿದೆ. ‘ಅದು ಆಗಲ್ಲ’ ಅಂತ ಬಂತು. ಸರಿ, ಬಟ್ಟೆಗೂ ಸ್ಪಿರಿಟ್‌ಗೂ ಸಂಬಂಧವಿಲ್ಲ ಅಂದುಕೊಂಡು ಆ ದಾರಿಯನ್ನೇ ಬಿಟ್ಟೆ. ಆಮೇಲೆ ಇಡೀ ಲೈಟ್‌ಹೌಸ್ ಹತ್ತಿ ಇಳಿದದ್ದೇ ಬಂತು. ಮುಚ್ಚಳ ತುಕ್ಕು ಹಿಡಿದಿದೆ, ಮೊದಲು ಅದನ್ನು ನಾಣ್ಯದಿಂದ ಮೀಟಿ ತೆಗೆಯಬೇಕು ಅಂತ ಗೊತ್ತಾದಾಗ ಸಾಕಾಗಿಹೋಗಿತ್ತು.

ನೋಡಿ, ಪಜಲ್‌ನಲ್ಲಿ ತಪ್ಪಿಲ್ಲ. ನನ್ನ ಯೋಚನೆಯೂ ಸರಿಯಾಗೇ ಇತ್ತು. ಯೋಚನೆ ಸರಿ ಇದ್ದವರಿಗೆ ಆಟ ‘ಇಲ್ಲ’ ಅಂದುಬಿಟ್ಟಿತು. ಅಲ್ಲಿ ‘ಮುಚ್ಚಳ ಬಿಗಿಯಾಗಿದೆ, ಬೆರಳಿಗೆ ಜಗ್ಗುತ್ತಿಲ್ಲ’ ಅನ್ನೋ ಒಂದು ಸಾಲು ಇದ್ದರೆ ಸಾಕು. ಆ ಅಪರಿಚಿತರ ಮಾತನ್ನು ಹಾಗೇ ನಂಬಿದ್ದರೆ ನೀವು ಒಳ್ಳೆಯ ಪಜಲ್ ಒಂದನ್ನೇ ಕಿತ್ತುಹಾಕುತ್ತಿದ್ದಿರಿ. ಸುಮ್ನೆ ತಳ್ಳಿಹಾಕಿದ್ದರೆ ಮುಂದಿನವರೂ ಅಲ್ಲೇ ಆಟ ಬಿಡುತ್ತಿದ್ದರು. ತೊಂದರೆ ಎಲ್ಲಿದೆ ಅಂತ ಆಟಗಾರರಿಂದ ತಿಳಿದುಕೊಳ್ಳಿ. ಅದಕ್ಕೆ ಪರಿಹಾರ ಮಾತ್ರ ನಿಮ್ಮದೇ ಇರಲಿ. ಒಳಗಿನ ಕಥೆ, ಮುಂದಿನ ಕೋಣೆ, ಆ ನಾಣ್ಯ ಇನ್ನೆಲ್ಲಿ ಬೇಕಾಗುತ್ತದೆ ಅನ್ನೋದೆಲ್ಲ ಗೊತ್ತಿರುವುದು ನಿಮಗೊಬ್ಬರಿಗೇ.

ಹೆಸರು ಮಾಡಿದ ಆಟ ತಯಾರಕರಿಗೂ ಇದು ಸುಲಭವಲ್ಲ. ‘ಬ್ರೋಕನ್ ಏಜ್’ ಆಟದ ಮೊದಲ ಭಾಗ 2014ರಲ್ಲಿ ಬಂದಾಗ ಪಜಲ್‌ಗಳು ತೀರಾ ಸುಲಭ ಅಂತ ಬಹಳ ಜನ ಹೇಳಿದರು. 2015ರ ಎರಡನೇ ಭಾಗದಲ್ಲಿ ಪಜಲ್‌ಗಳನ್ನು ಕಠಿಣ ಮಾಡಿದರು. ಆಗ ಕಷ್ಟ ಜಾಸ್ತಿಯಾಯಿತು ಅನ್ನೋ ದೂರು ಬಂತು. ‘ಸುಲಭ’, ‘ಕಷ್ಟ’ ಅನ್ನೋ ಮಾತಿನಿಂದ ಆಟ ಮಾಡುವವರಿಗೆ ಏನೂ ಸಿಗುವುದಿಲ್ಲ. ಯಾವ ಕೋಣೆ, ಕೈಯಲ್ಲಿ ಏನಿತ್ತು, ಏನು ಮಾಡಲು ಹೋದಿರಿ ಅಂತ ಕೇಳಿದರೆ ಸಿಗುತ್ತದೆ.

ಪಜಲ್‌ನಲ್ಲೇ ನಿಜವಾಗಿ ದೋಷ ಇರುವುದೂ ಉಂಟು. 1999ರ ‘ಗೇಬ್ರಿಯಲ್ ನೈಟ್ 3’ರಲ್ಲಿ ಬೈಕ್ ಬಾಡಿಗೆಗೆ ಪಡೆಯಲು ಬೇರೊಬ್ಬನ ವೇಷ ಹಾಕಬೇಕು. ಅದಕ್ಕೆ ಬೆಕ್ಕಿನ ಕೂದಲಿನಿಂದ ಮೀಸೆ ಮಾಡಿಕೊಳ್ಳಬೇಕು. ಆ ಮನುಷ್ಯನಿಗೆ ಮೀಸೆಯೇ ಇಲ್ಲ. ಹಾಗಾಗಿ ಅವನ ಪಾಸ್‌ಪೋರ್ಟ್ ಫೋಟೋಕ್ಕೂ ಮೀಸೆ ಬರೆಯಬೇಕು! ಇಂಥದ್ದನ್ನು ಕಂಡುಹಿಡಿಯಲು ನಾನೊಂದು ಪ್ರಶ್ನೆ ಕೇಳುತ್ತೇನೆ. ಸೋತವರಿಗೆ ಉತ್ತರ ಹೇಳಿದಾಗ ಅವರು ಏನಂದರು? ‘ಛೇ, ಇದು ಹೊಳೀಬೇಕಿತ್ತು’ ಅಂದರೆ ಪಜಲ್ ಉಳಿಸಿಕೊಳ್ಳಿ, ಸುಳಿವು ಸರಿಮಾಡಿ. ‘ಇದು ಯಾರಿಗೆ ಹೊಳೆಯುತ್ತೆ?’ ಅಂದರೆ ಪಜಲ್ಲನ್ನೇ ಬದಲಾಯಿಸಿ.

ಇನ್ನು, ಆಟಗಾರರು ಮಾಡುವ ತಪ್ಪು ಪ್ರಯತ್ನಗಳನ್ನು ದಯವಿಟ್ಟು ಕೂಡಿಹಾಕಿ. ಆಟ ಮಾಡಲು ನೀವು ‘ಅಡ್ವೆಂಚರ್ ಗೇಮ್ ಸ್ಟುಡಿಯೋ’ ಅನ್ನೋ ಸಾಫ್ಟ್‌ವೇರ್ ಬಳಸಿದ್ದೀರಿ. ನೀವು ಉತ್ತರ ಬರೆಯದ ಕ್ಲಿಕ್‌ಗಳನ್ನು ಅದರಲ್ಲಿ ‘ಅನ್‌ಹ್ಯಾಂಡಲ್ಡ್ ಈವೆಂಟ್’ ಅನ್ನೋ ಒಂದೇ ಫಂಕ್ಷನ್‌ನಲ್ಲಿ ಹಿಡಿಯಬಹುದು. ನಿಮ್ಮ ‘ಅದು ಆಗಲ್ಲ’ ಬಂದಿರುವುದೂ ಅಲ್ಲಿಂದಲೇ ಇರಬೇಕು. ಅಲ್ಲೇ ಇನ್ನೆರಡು ಸಾಲು ಕೋಡ್ ಸೇರಿಸಿ, ಯಾವ ಕೋಣೆಯಲ್ಲಿ ಯಾವ ವಸ್ತುವನ್ನು ಯಾವುದರ ಮೇಲೆ ಪ್ರಯೋಗಿಸಿದರು ಅಂತ ಒಂದು ಟೆಕ್ಸ್ಟ್ ಫೈಲಿಗೆ ಬರೆಸಿ. ಟೆಸ್ಟ್ ಮಾಡುವವರಿಗೆ ಮೊದಲೇ ಹೇಳಿ, ಆ ಫೈಲ್ ಕೇಳಿ ಪಡೆಯಿರಿ. ಒಂದೇ ತಪ್ಪನ್ನು ಮೂವರು ಮಾಡಿದ್ದರೆ ಅದು ಅವರ ತಪ್ಪಲ್ಲ. ಆಟವೇ ಅವರಿಗೆ ಹಾಗೆ ಸೂಚನೆ ಕೊಡುತ್ತಿದೆ. ಕೆಲವು ಸಲ ಆ ತಪ್ಪು ಉತ್ತರವೇ ನಿಮ್ಮದಕ್ಕಿಂತ ಚೆನ್ನಾಗಿರುತ್ತದೆ. ಆಗ ಅದನ್ನೂ ಸರಿ ಉತ್ತರ ಮಾಡಿಬಿಡಿ.

ಪಕ್ಕದಲ್ಲಿ ಕೂತು ನೋಡುವ ಅವಕಾಶ ಸಿಕ್ಕರೆ ಇನ್ನೂ ಒಳ್ಳೆಯದು. ಆದರೆ ಬಾಯಿ ಬಿಡಬೇಡಿ. ಅವರು ತಪ್ಪು ಬಾಗಿಲಿನ ಮೇಲೆ ಎಷ್ಟೇ ಸಲ ಕ್ಲಿಕ್ ಮಾಡಲಿ, ಸುಮ್ಮನಿರಿ. ಇದು ನಿಜಕ್ಕೂ ಕಷ್ಟದ ಕೆಲಸ. ನೀವು ಒಂದು ಸುಳಿವು ಕೊಟ್ಟ ಕ್ಷಣ ಆ ಪಜಲ್‌ನ ಪರೀಕ್ಷೆ ಮುಗಿಯಿತು. ಉತ್ತರ ಗೊತ್ತಾದವರು ಮತ್ತೆ ಗೊತ್ತಿಲ್ಲದವರಾಗಲು ಸಾಧ್ಯವಿಲ್ಲ. ಓಡುವ, ಹಾರುವ ಆಟಗಳನ್ನು ಒಬ್ಬರ ಕೈಲೇ ಎಷ್ಟು ಸಲ ಬೇಕಾದರೂ ಆಡಿಸಬಹುದು. ನಮ್ಮ ಈ ಆಟಗಳಲ್ಲಿ ಹಾಗಲ್ಲ. ಅದಕ್ಕೇ ನಿಮ್ಮ ಗೆಳೆಯರಿಗೆಲ್ಲ ಒಟ್ಟಿಗೇ ಕೊಟ್ಟದ್ದು ನನಗೆ ಬೇಸರ ತಂದಿತು. ಮುಂದಿನ ಆಟವನ್ನು ಮೊದಲು ಇಬ್ಬರಿಗೆ ಕೊಡಿ. ತಿದ್ದಿ, ಮತ್ತಿಬ್ಬರಿಗೆ ಕೊಡಿ.

ಬೇರೆಯವರ ಆಟಕ್ಕೆ ಬರೆಯುವಾಗಲೂ ಇದೇ ದಾರಿ. ಆಡುತ್ತಾ ಆಡುತ್ತಾ ಗುರುತು ಹಾಕಿಕೊಳ್ಳಿ, ಮುಗಿಸಿದ ಮೇಲೆ ನೆನಪು ಮಾಡಿಕೊಂಡು ಬರೆಯಬೇಡಿ. ‘ಕಿಟಕಿಯ ಕೆಳಗಿನ ಕೀಲಿ ಗೋಡೆಯ ಬಣ್ಣದಲ್ಲೇ ಇತ್ತು, ಉತ್ತರಗಳನ್ನು ಬರೆದಿಟ್ಟ ವಾಕ್‌ಥ್ರೂ ನೋಡುವವರೆಗೆ ಕಾಣಲಿಲ್ಲ’ ಅನ್ನೋ ಮಾತು ಯಾರಿಗೂ ನೋವು ಕೊಡುವುದಿಲ್ಲ. ಕೀಲಿಯ ಬಣ್ಣ ಬದಲಾಯಿಸಿದರೆ ಆಯಿತು. ಎಲ್ಲಿ ನಕ್ಕಿರಿ, ಯಾವ ಉತ್ತರ ಹೊಳೆದಾಗ ಖುಷಿಯಾಯಿತು ಅನ್ನೋದನ್ನೂ ಅಷ್ಟೇ ವಿವರವಾಗಿ ಬರೆಯಿರಿ. ಇಲ್ಲದಿದ್ದರೆ ತಿದ್ದುವ ಭರದಲ್ಲಿ ಅವರು ಅದನ್ನೇ ತೆಗೆದುಹಾಕಬಹುದು.

ಒರಟು ಮಾತಿಗೆ ಮಾತ್ರ ನೀವು ಕಿವಿಗೊಡಬೇಕಾಗಿಲ್ಲ. 2022ರಲ್ಲಿ ‘ರಿಟರ್ನ್ ಟು ಮಂಕಿ ಐಲ್ಯಾಂಡ್’ ಬರುವ ಮೊದಲೇ, ಅದರ ಚಿತ್ರಶೈಲಿ ಹಿಡಿಸದ ಕೆಲವರು ಅದನ್ನು ಮಾಡಿದ ರಾನ್ ಗಿಲ್ಬರ್ಟ್ ಅವರ ಮೇಲೆ ವೈಯಕ್ತಿಕವಾಗಿ ಹರಿಹಾಯ್ದರು. ಗಿಲ್ಬರ್ಟ್ ತಮ್ಮ ಬ್ಲಾಗ್‌ನಲ್ಲಿ ಆ ಆಟದ ಬಗ್ಗೆ ಬರೆಯುವುದನ್ನೇ ನಿಲ್ಲಿಸಿದರು. ಇನ್ನೂ ಆಡದ ಆಟದ ಮೇಲಿನ ಬೈಗುಳದಿಂದ ತಿದ್ದಿಕೊಳ್ಳುವಂಥದ್ದು ಏನೂ ಸಿಗುವುದಿಲ್ಲ. ನಿಮ್ಮ ಅಪರಿಚಿತರು ಹಾಗಲ್ಲ. ಅವರು ಆಡಿದ್ದಾರೆ, ದೀಪದವರೆಗೆ ಬಂದಿದ್ದಾರೆ. ಅವರಿಗೆ ಇಷ್ಟು ಬರೆಯಿರಿ: ‘ಆಡಿದ್ದಕ್ಕೆ ಧನ್ಯವಾದ. ದೀಪದ ಕೋಣೆಯಲ್ಲಿ ನೀವು ಮೊದಲು ಏನು ಮಾಡಿ ನೋಡಿದಿರಿ? ಆಮೇಲೆ ಏನು? ನೆನಪಿದ್ದಷ್ಟು ಹೇಳಿದರೆ ಸಾಕು.’ ತಿದ್ದಿದ ಆಟವನ್ನು ಈಗಲೇ ಕಳಿಸಬೇಡಿ, ಉತ್ತರ ಬರುವವರೆಗೆ ಕಾಯಿರಿ.